ಬಂಗಾರೆವ್ವನ ಹದಕೀಲು

"ಮಲಗಿದವರ ಸ್ನಾಯು ಸುಳ್ಳು ಹೇಳ್ತದ."

ಧಾರವಾಡದ ಆ ಪ್ರಯೋಗಾಲಯ ಹುಟ್ಟಿದ್ದೇ ಡಾಕ್ಟರ್ ಇನಾಂದಾರರ ಈ ಒಂದು ಮಾತಿನಿಂದ. ಸವೆದ ಸೊಂಟದ ಕೀಲನ್ನು ತೆಗೆದು ಲೋಹದ ಕೀಲು ಕೂರಿಸುವುದರಲ್ಲಿ ಅವರದು ಪಳಗಿದ ಕೈ. ಆದರೂ ಅವರ ರೋಗಿಗಳಲ್ಲಿ ಕೆಲವರು, ನೋವು ಹೋದ ಮೇಲೂ ಕುಂಟುವುದನ್ನು ಬಿಡುತ್ತಿರಲಿಲ್ಲ. ಎಲುಬು ಗಟ್ಟಿ, ಕೀಲು ಗಟ್ಟಿ, ಎಕ್ಸ್‌ರೇ ನೋಡಿದರೆ ಚೌಕಟ್ಟು ಹಾಕಿಸುವಷ್ಟು ಚೆಂದ. ನಡಿಗೆ ಮಾತ್ರ ಬಾತುಕೋಳಿಯದು. ತಪ್ಪು ಬಹಳ ಇರುತ್ತಿರಲಿಲ್ಲ. ಕೀಲು ಕೂತ ಜಾಗ ಒಂದು ಜೋಳದ ಕಾಳಿನಷ್ಟು ಒಳಗಾಗಿರುತ್ತಿತ್ತು, ಇಲ್ಲವೇ ಹೊರಗಾಗಿರುತ್ತಿತ್ತು.

ಒಂದು ಕಾಳಿಗೆ ಇಷ್ಟೆಲ್ಲ ರಾಮಾಯಣವೇ ಎಂದು ಕೇಳುವವರು ಸಂತೆಯ ತಕ್ಕಡಿಯನ್ನು ನೆನೆಯಬೇಕು. ನಾವು ಒಂದು ಕಾಲೆತ್ತಿ ಹೆಜ್ಜೆ ಇಡುವ ಆ ಗಳಿಗೆಯಲ್ಲಿ ಮೈಭಾರವೆಲ್ಲ ನೆಲಕ್ಕೂರಿದ ಕಾಲಿನ ಸೊಂಟದ ಕೀಲಿನ ಗುಂಡಿನ ಮೇಲೆ ನಿಲ್ಲುತ್ತದೆ. ಗುಂಡಿನ ಒಂದು ಬದಿಗೆ ಮೈಭಾರ. ಇನ್ನೊಂದು ಬದಿಗೆ, ಆ ಭಾರವನ್ನು ಎಳೆದು ಮಟ್ಟಸವಾಗಿ ಹಿಡಿಯುವ ಸೊಂಟದ ಹೊರಬದಿಯ ಸ್ನಾಯು. ಸ್ನಾಯು ಅಂಟಿಕೊಂಡ ಜಾಗ ಗುಂಡಿನಿಂದ ದೂರ ಇದ್ದಷ್ಟೂ ಎಳೆಯುವುದು ಹಗುರ, ಹತ್ತಿರ ಬಂದಷ್ಟೂ ಭಾರ. ತೀರ ದೂರವಾದರೆ ಸ್ನಾಯು ಬಿಗಿದು ನೋಯುತ್ತದೆ. ತೀರ ಹತ್ತಿರವಾದರೆ ಹಳೆಯ ಹಗ್ಗದ ಮಂಚದಂತೆ ಜೋಲು ಬೀಳುತ್ತದೆ, ಮನುಷ್ಯ ವಾಲುತ್ತಾನೆ. ಎಲ್ಲಿ ಕೂರಿಸಿದರೆ ಸರಿ ಎಂದು ಸ್ನಾಯುವನ್ನೇ ಕೇಳೋಣವೆಂದರೆ, ಆಪರೇಷನ್ ಟೇಬಲ್ ಮೇಲೆ ಅದು ಅರಿವಳಿಕೆಯಲ್ಲಿ ಮಲಗಿರುತ್ತದೆ. ಡಾಕ್ಟರು ಅಂದಾಜಿನ ಮೇಲೆ ಕೂರಿಸಿ ದೇವರ ಮೇಲೆ ಭಾರ ಹಾಕುತ್ತಿದ್ದರು.

ಕೀಲು ತನ್ನ ಜಾಗವನ್ನು ತಾನೇ ಹುಡುಕಿಕೊಂಡರೆ?

ಹೀಗೆ ಹುಟ್ಟಿದ್ದು ಹದಕೀಲು. ಅದರ ಕುತ್ತಿಗೆಯೊಳಗೆ ಸಾಸಿವೆಯಷ್ಟು ದೊಡ್ಡ ಒಂದು ತಿರುಪು, ಸ್ನಾಯುವಿನ ಮಿಡಿತ ಕೇಳುವ ತಂತಿ, ಸುತ್ತ ಜೇನಿನಂತೆ ಮಂದವಾದ ಒಂದು ಅಂಟು. ಮನುಷ್ಯ ಹಗಲೆಲ್ಲ ನಡೆದಾಡಲಿ; ಸ್ನಾಯು ಎಲ್ಲಿ ಒದ್ದಾಡಿತು, ಎಲ್ಲಿ ಬಿಗಿಯಿತು ಎಂದು ಕೀಲು ಕೇಳಿಸಿಕೊಂಡು, ಅವನು ನಿದ್ದೆ ಹೋದಾಗ ಕೂದಲೆಳೆಯಷ್ಟು ಒಳಗೋ ಹೊರಗೋ ಸರಿಯುತ್ತಿತ್ತು. ಒಂದು ಮಂಡಲ, ಎಂದರೆ ನಲವತ್ತೆಂಟು ದಿನ, ಹೀಗೆ. ಆಮೇಲೆ ಒಳಗಿನ ಅಂಟು ಕಲ್ಲಾಗುತ್ತಿತ್ತು, ಹೊರಗಿನಿಂದ ಎಲುಬು ಬೆಳೆದು ಅಪ್ಪಿಕೊಳ್ಳುತ್ತಿತ್ತು. ಯಾವಾಗಲೂ ಸರಿದಾಡುವ ಕೀಲನ್ನೇ ಯಾಕೆ ಮಾಡಬಾರದು ಎಂದರೆ, ಅದನ್ನೂ ಮಾಡಿ ನೋಡಿದ್ದರು. ಲೋಹ ತೇದು ಪುಡಿಯಾಗಿ, ಪ್ರಯೋಗಕ್ಕೆ ತಂದ ಕುರಿಗಳ ಕಾಲು ಕೊಳೆತಿತ್ತು. ಒಂದು ಸಲ ಕೂತ ಮೇಲೆ ಕೂರಲೇಬೇಕು.

ಪರದೆಯ ಮೇಲೆ ಹಾಯುವ ಸ್ನಾಯುಗಳ ಗೆರೆಗಳನ್ನು ಓದುವ ಕೆಲಸ ಕಸ್ತೂರಿಯದು. ಸ್ನಾಯು ನೆಮ್ಮದಿಯಿಂದಿದ್ದರೆ ಗೆರೆ ಹಸಿರು, ಒದ್ದಾಡಿದರೆ ಕೆಂಪು. ಎಂಟು ವರ್ಷ ಆ ಗೆರೆಗಳನ್ನೇ ನೋಡಿ, ರಸ್ತೆಯಲ್ಲಿ ಯಾರು ನಡೆದುಹೋದರೂ ಅವರ ಮುಖಕ್ಕಿಂತ ಮೊದಲು ಸೊಂಟ ನೋಡುವ ಚಟ ಅವಳಿಗೆ ಅಂಟಿತ್ತು. ಇದಕ್ಕಾಗಿ ಒಂದೆರಡು ಕಡೆ ಬೈಸಿಕೊಂಡೂ ಇದ್ದಳು. ಮದುವೆ ಆಗಿರಲಿಲ್ಲ, ಯಾಕೆ ಎಂದು ಯಾರಾದರೂ ಕೇಳಿದರೆ "ನೆಟ್ಟಗ ನಡಿಯೋ ಗಂಡು ಸಿಕ್ಕಿಲ್ಲ" ಎನ್ನುತ್ತಿದ್ದಳು.

ಅವಳ ಅವ್ವ ಬಂಗಾರೆವ್ವ ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಹೊರಗೆ ಊಟದ ಪಡಸಾಲೆ, ಒಳಗೆ ಅಡುಗೆಮನೆ, ನಡುವಿನ ಗೋಡೆಯಲ್ಲಿ ರೊಟ್ಟಿ ದಾಟಿಸುವ ಒಂದು ಕಿಂಡಿ. ಒಳಗೆ ಅವ್ವ, ಹೊರಗೆ ಗಲ್ಲಾದ ಮುಂದೆ ಅಪ್ಪ ಅಡಿವೆಪ್ಪ. ಬಂಗಾರೆವ್ವ ಕಟ್ಟೆಯ ಮುಂದೆ ನಿಂತು ರೊಟ್ಟಿ ಬಡಿದು, ಬಲಗಾಲ ಮೇಲೆ ಭಾರ ಹಾಕಿ ಹಂಚಿನ ಕಡೆಗೆ ತಿರುಗಿ ಹಾಕುವಳು. ದಿನಕ್ಕೆ ಎಷ್ಟು ಸಲವೋ, ಎಷ್ಟು ವರ್ಷವೋ. ಆ ಬಲಸೊಂಟವೇ ಸವೆದುಹೋಯಿತು.

ಗಂಡಹೆಂಡಿರ ಜೋಡಿಯನ್ನು ಓಣಿಯವರು 'ಗಳಾ ಮತ್ತ ಗೂಟ' ಎಂದು ಚೇಷ್ಟೆ ಮಾಡುತ್ತಿದ್ದರು. ಬಂಗಾರೆವ್ವ ಗಳದಷ್ಟು ಎತ್ತರ. ಅಡಿವೆಪ್ಪನ ಭುಜ ಅವಳ ಕಂಕುಳಿನ ಮಟ್ಟ. ಅದಕ್ಕೋ ಏನೋ, ಅವರಿಬ್ಬರೂ ಅಕ್ಕಪಕ್ಕ ನಡೆದದ್ದನ್ನು ಯಾರೂ ನೋಡಿರಲಿಲ್ಲ. ಪೇಟೆಗೆ ಹೋದರೆ ಅವನು ಮುಂದೆ, ಅವಳು ಹತ್ತು ಮಾರು ಹಿಂದೆ. ಅವಳು ಗಂಡನ ಹೆಸರು ಹೇಳುವವಳಲ್ಲ. ಅವನೂ ಹೆಂಡತಿಯ ಹೆಸರು ಹಿಡಿದು ಕರೆದವನಲ್ಲ. ಗಲ್ಲಾದ ಮುಂದಿನಿಂದ "ಕಸ್ತೂರೀ" ಎಂದು ಮಗಳ ಹೆಸರು ಕೂಗಿದರೆ ಓಗೊಡಬೇಕಾದವಳು ಬಂಗಾರೆವ್ವ ಎಂದು ಖಾನಾವಳಿಯ ಗಿರಾಕಿಗಳಿಗೂ ಗೊತ್ತಿತ್ತು. ಮಗಳು ಧಾರವಾಡದಲ್ಲಿ ಇರಲಿ, ಬೀದರಿನಲ್ಲಿ ಇರಲಿ, ಒಳಗಿನಿಂದ "ಬಂದ್ನಿರಿ" ಎಂದು ಉತ್ತರ ಬರುತ್ತಿತ್ತು.

ಹದಕೀಲು ಹಾಕಿಸಿಕೊಳ್ಳಲು ಬಂಗಾರೆವ್ವ ಒಪ್ಪಿದ್ದು ಒಂದೇ ಆಸೆಗೆ. ಅದನ್ನು ಇನಾಂದಾರರ ಎದುರು ಬಾಯಿ ಬಿಟ್ಟು ಹೇಳಿದಳು: "ಸಾಹೇಬ್ರ, ನನಗ ಗುಡ್ಡ ಹತ್ತೂದು ಬ್ಯಾಡ, ದೇಶ ತಿರುಗೂದು ಬ್ಯಾಡ. ಒಲಿ ಮುಂದ ಎಲ್ಲೂ ಹಿಡಕೊಳ್ಳದ ನಿಂತು, ಎರಡೂ ಕೈಲೆ ರೊಟ್ಟಿ ಬಡಿಯೂವಂಗ ಮಾಡ್ರಿ. ಕುಂತ ಉಣ್ಣಾಕ ನನಗ ಬರೂದಿಲ್ಲ."

"ಮಾಡೋಣ ಬಂಗಾರೆವ್ವಾರ. ಆದ್ರ ಒಂದು ಮಾತು ನಡಸಿಕೊಡಬೇಕು. ಮಂಡಲ ಮುಗಿಯೋತನಕ ಗ್ವಾಡಿ, ಮೇಜು, ಮನಿಷ್ಯಾ, ಯಾವುದನ್ನೂ ಹಿಡೀಬಾರದು. ಹಿಡಿದ್ರ ಈ ವಾಕರ್ ಒಂದ ಹಿಡೀಬೇಕು."

ವಾಕರಿನ ಹಿಡಿಕೆಗಳು ಬರಿಯ ಹಿಡಿಕೆಗಳಲ್ಲ. ಅವುಗಳ ಮೇಲೆ ಎಷ್ಟು ಭಾರ ಬಿತ್ತೆಂದು ಅವು ಕೀಲಿಗೆ ಹೇಳುತ್ತಿದ್ದವು. ಕೀಲು ಆ ಲೆಕ್ಕ ಹಿಡಿದು, ಕೈಯ ಆಸರೆ ಇಲ್ಲದೆ ಸ್ನಾಯು ಎಷ್ಟು ದುಡಿಯಬೇಕಾದೀತು ಎಂದು ತಿಳಿದುಕೊಳ್ಳುತ್ತಿತ್ತು. ಹಿಡಿಕೆಯ ಭಾರ ದಿನದಿನಕ್ಕೆ ಇಳಿದು ಸೊನ್ನೆಯಾದರೆ, ರೋಗಿ ಸ್ವತಂತ್ರವಾಗಿ ನಡೆಯುತ್ತಿದ್ದಾರೆ ಎಂದು ಅರ್ಥ.

ಆಪರೇಷನ್ ಸಾಂಗವಾಗಿ ಮುಗಿಯಿತು. ಬಂಗಾರೆವ್ವ ಮನೆಗೆ ಹೋದ ಎರಡನೆಯ ವಾರಕ್ಕೇ ಹಗಲಿನ ಹಿಡಿಕೆಯ ಭಾರ ಸೊನ್ನೆಗೆ ಇಳಿಯಿತು. ಪ್ರಯೋಗಾಲಯದಲ್ಲಿ ಯಾರೂ ನಂಬಲಿಲ್ಲ. ತಂತಿ ಕಿತ್ತಿರಬೇಕು ಎಂದು ಪರೀಕ್ಷೆ ಮಾಡಿದರು. ತಂತಿ ಸರಿಯಾಗಿಯೇ ಇತ್ತು. ಇತ್ತ ಸೊಂಟದ ಗೆರೆ ನೋಡಿದರೆ ಎಳೆಯ ಹುಲ್ಲಿನ ಹಸಿರು. ಸ್ನಾಯು ದುಡಿಯುವುದೇ ಇಲ್ಲವೇನೋ ಎಂಬಷ್ಟು ಹಗುರವಾಗಿ ದುಡಿಯುತ್ತಿತ್ತು.

"ರೊಟ್ಟಿ ಉಂಡ ಮೈ ನೋಡು," ಎಂದು ಇನಾಂದಾರರು ಕಸ್ತೂರಿಯ ಬೆನ್ನು ತಟ್ಟಿದರು. "ನಿಮ್ಮವ್ವನ ಗೆರಿ ಪ್ರಿಂಟ್ ಹಾಕಿ ಗ್ವಾಡಿಗೆ ಹಚ್ಚು."

ಅವಳು ಹಚ್ಚಿಯೂ ಬಿಟ್ಟಳು.

ಸಂಜೆಯ ಹೊತ್ತು ಮಾತ್ರ ಗೆರೆ ಕೆಡುತ್ತಿತ್ತು. ಕಸ್ತೂರಿ ಕೆಲಸ ಮುಗಿಸಿ ಸ್ಕೂಟರ್ ಏರಿ ಹುಬ್ಬಳ್ಳಿಗೆ ಹೋಗುವ ಹೊತ್ತಿಗೆ ಸರಿಯಾಗಿ ಬಂಗಾರೆವ್ವ ವಾಕರ್ ಹಿಡಿದು, ಹಲ್ಲು ಕಚ್ಚಿ, ಪಡಸಾಲೆಯಲ್ಲಿ ಹೆಜ್ಜೆ ಎಣಿಸುತ್ತಿರುತ್ತಿದ್ದಳು. ಅಪ್ಪ ಗಲ್ಲಾದ ಮುಂದೆ ಪೇಪರಿನಲ್ಲಿ ಮುಖ ಹುದುಗಿಸಿ ಕೂತಿರುತ್ತಿದ್ದ. ಆಗ ಹಿಡಿಕೆಗೂ ಭಾರ ಬೀಳುತ್ತಿತ್ತು, ಗೆರೆ ಕೆಂಪಗಾಗುತ್ತಿತ್ತು. ದಿನವೆಲ್ಲ ಹಸಿರಾಗಿದ್ದು ಒಂದು ತಾಸು ಕೆಂಪಾದರೆ ಯಂತ್ರ ಯಾವುದನ್ನು ನಂಬಬೇಕು? 'ಸಂಜೆಯ ದಣಿವು' ಎಂದು ಹೆಸರಿಟ್ಟು ಆ ತಾಸನ್ನು ಲೆಕ್ಕದಿಂದ ಬಿಟ್ಟಿತು. ಬಿಡಲೇ ಎಂದು ಕೇಳಿದಾಗ ಹೂಂ ಎಂದು ಒತ್ತಿದವಳು ಕಸ್ತೂರಿ. ಎಲ್ಲರಿಗೂ ಹಾಗೆಯೇ ಒತ್ತುತ್ತಿದ್ದಳು.

ಮಂಡಲ ಮುಗಿಯಲು ಇನ್ನೂ ಒಂದು ವಾರ ಇತ್ತು. ಅವತ್ತು ಸ್ಕೂಟರಿನ ಬ್ಯಾಟರಿ ಕೈಕೊಟ್ಟಿತೆಂದು ಕಸ್ತೂರಿ ಬಸ್ಸಿನಲ್ಲಿ, ಅದೂ ಮಧ್ಯಾಹ್ನದ ಹೊತ್ತಿಗೆ, ಹುಬ್ಬಳ್ಳಿಗೆ ಹೋದಳು. ಹೇಳಿ ಹೋಗಿರಲಿಲ್ಲ. ಆಪರೇಷನ್ ಆದಂದಿನಿಂದ ಖಾನಾವಳಿಯ ಮುಂಬಾಗಿಲು ಮುಚ್ಚಿತ್ತು. ಹಿತ್ತಿಲ ಕಡೆಯಿಂದ ಹೋದಳು. ಅಡುಗೆಮನೆಯ ಬಾಗಿಲು ಅರ್ಧ ತೆರೆದಿತ್ತು.

ಒಳಗೆ ಅವ್ವ ನಡೆಯುತ್ತಿದ್ದಳು. ವಾಕರ್ ಮೂಲೆಯಲ್ಲಿತ್ತು, ಅದರ ಮೇಲೆ ಒಂದು ಒದ್ದೆ ಟವೆಲ್ಲು ಒಣಗುತ್ತಿತ್ತು. ಅಪ್ಪ ಅವಳ ಎಡಗಡೆ, ಅವಳ ಕಂಕುಳಿನ ಕೆಳಗೆ ತನ್ನ ಭುಜ ಕೊಟ್ಟು, ಅವಳ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುತ್ತಿದ್ದ. ಅವ್ವನ ಕೈ ಅವನ ಕೊರಳನ್ನು ಬಳಸಿತ್ತು.

"ಸಾವಕಾಶ ನಡೀರಿ, ಮದುಮಗನಂಗ ಓಡ್ತೀರಲ್ಲ," ಎಂದು ಅವ್ವ ನಕ್ಕಳು.

"ಮದುವ್ಯಾಗ ಸಪ್ತಪದಿ ತುಳಿಯೂವಾಗ ನೀನ ಉದ್ದ ಉದ್ದ ಹೆಜ್ಜಿ ಹಾಕಿ ನನ್ನ ಎಳಕೊಂಡು ಹೋಗಿದ್ದಿ. ಈಗ ನನ್ನ ಪಾಳಿ."

ಕಸ್ತೂರಿಯ ಮುಖಕ್ಕೆ ರಕ್ತ ಏರಿತು. ಅಪ್ಪ ಅವ್ವ ಒಬ್ಬರನ್ನೊಬ್ಬರು ಮುಟ್ಟಿದ್ದನ್ನು ಅವಳು ಹುಟ್ಟಿದ ಮೇಲೆ ನೋಡಿದವಳಲ್ಲ. ನೋಡಬಾರದ್ದನ್ನು ನೋಡಿದವಳ ಹಾಗೆ ಸದ್ದಿಲ್ಲದೆ ಹಿಂದೆ ಸರಿದು, ಓಣಿಯ ತುದಿಯವರೆಗೆ ಹೋಗಿ, ಮಂಡಕ್ಕಿ ಗಿರ್ಮಿಟ್ಟಿನ ಗಾಡಿಯ ಹತ್ತಿರ ಒಂದಷ್ಟು ಹೊತ್ತು ನಿಂತು, ಮತ್ತೆ ಬಂದಳು. ಬರುವಾಗ ಹಿತ್ತಿಲ ಬಕೆಟನ್ನು ಬೇಕೆಂದೇ ಎಡವಿ ಸಪ್ಪಳ ಮಾಡಿದಳು. ಒಳಗೆ ಬಂದಾಗ ಅಪ್ಪ ಗಲ್ಲಾದ ಮುಂದೆ ಇದ್ದ. ಪೇಪರು ತಲೆಕೆಳಗಾಗಿತ್ತು. ಅವ್ವ ವಾಕರ್ ಹಿಡಿದಿದ್ದಳು, ಟವೆಲ್ಲನ್ನೂ ಸೇರಿಸಿ.

ತಿರುಗಿ ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳಿಗೆ ನಗು ಬರುತ್ತಿತ್ತು. ಎಷ್ಟು ಖುಷಿಯಾಗಿತ್ತೆಂದರೆ ಕಂಡಕ್ಟರ್ ಕೂಡ ನಕ್ಕ. ಎಂಟು ವರ್ಷ ಸೊಂಟ ನೋಡಿ ನೋಡಿ ಕಣ್ಣು ಪಳಗಿದ ಆ ಹುಡುಗಿ ಅವತ್ತು ನೋಡಿದ್ದು ಅವ್ವನ ಮುಖವನ್ನು ಮಾತ್ರ. ಭುಜದ ಮೇಲೆ ಬಿದ್ದ ಭಾರ ಅವಳ ಕಣ್ಣಿಗೆ ಬೀಳಲೇ ಇಲ್ಲ.

ಮರುದಿನ ಇನಾಂದಾರರು ಕೇಳಿದರು: "ಮನ್ಯಾಗ ಎಲ್ಲಾ ಹೇಳಿದಂಗ ನಡದದ ಹೌದಿಲ್ಲೊ?"

ಅವ್ವ ಅಪ್ಪನ ಕೊರಳು ಬಳಸಿದ್ದಳು ಎಂದು ಮಗಳಾದವಳು ಯಾವ ಬಾಯಲ್ಲಿ ಹೇಳಬೇಕು? ಕಸ್ತೂರಿ "ಹೌದ್ರಿ ಸರ್" ಎಂದಳು. ವಾರ ಕಳೆಯಿತು. ಅಂಟು ಕಲ್ಲಾಯಿತು.

ಪರೀಕ್ಷೆಯ ದಿನ ಬಂಗಾರೆವ್ವ ಇಳಕಲ್ ಸೀರೆ ಉಟ್ಟು ಬಂದಳು. ಪ್ರಯೋಗಾಲಯದಲ್ಲಿ ಉದ್ದಕ್ಕೆ ಒಂದು ನಡೆಹಾದಿ, ಅದರ ಎರಡೂ ಬದಿಗೆ ಕ್ಯಾಮೆರಾ. ಅಡಿವೆಪ್ಪ ನಾಲ್ಕು ಜನರ ನಡುವೆ ಇರಬೇಕಾದ ರೀತಿಯಲ್ಲಿ ದೂರ, ಬಾಗಿಲಿನ ಹತ್ತಿರ, ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ.

"ಬರ್ರಿ ಬಂಗಾರೆವ್ವಾರ, ಕೈಬೀಸಿಕೊಂಡು ಬರ್ರಿ," ಎಂದರು ಇನಾಂದಾರರು.

ಅವಳು ಎಡಗಾಲು ಎತ್ತಿದಳು. ಎಡಸೊಂಟ ಪಟ್ಟನೆ ಕೆಳಕ್ಕೆ ಕುಸಿಯಿತು. ಮೈ ಬಲಕ್ಕೆ ವಾಲಿತು. ಇನ್ನೊಂದು ಹೆಜ್ಜೆ ಇಟ್ಟಾಗ ಮತ್ತೆ ಹಾಗೆಯೇ. ಮೂರನೆಯದಕ್ಕೆ ಅವಳ ಎಡಗೈ ತಾನೇ ತಾನಾಗಿ ಮೇಲೆದ್ದು, ಗಾಳಿಯಲ್ಲಿ ಏನನ್ನೋ ತಬ್ಬಲು ಹೋಯಿತು. ಅಲ್ಲಿ ಏನೂ ಇರಲಿಲ್ಲ. ಅವಳು ಬಿದ್ದಳು. ಕೆಳಗೆ ಮೆತ್ತೆ ಇದ್ದುದರಿಂದ ಎಲುಬು ಉಳಿಯಿತು.

ಉಳಿದವರು ನೋಡಿದ್ದು ಬೀಳುವವಳ ಕೈಯನ್ನು. ಆ ಕೈ ಎದ್ದದ್ದು ಅಪ್ಪನ ಕೊರಳಿನ ಎತ್ತರಕ್ಕೆ ಎಂಬುದು ಕಸ್ತೂರಿಗೆ ಮಾತ್ರ ಗೊತ್ತಾಯಿತು. ಅವಳು ಬಾಗಿಲಿನ ಕಡೆ ನೋಡಿದಳು. ಅಪ್ಪ ಟೊಪ್ಪಿಗೆ ನೆಲಕ್ಕೆ ಬಿಟ್ಟು ಓಡಿ ಬರುತ್ತಿದ್ದ.

ಇನಾಂದಾರರ ಕೋಣೆಯಲ್ಲಿ ನಾಲ್ವರೇ ಇದ್ದರು. ಯಾರನ್ನಾದರೂ ಹಿಡಿದುಕೊಂಡಿದ್ದಿರಾ ಎಂದು ಡಾಕ್ಟರು ಕೇಳಿದಾಗ ಬಂಗಾರೆವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ಕೊನೆಗೆ ಬಾಯಿ ಬಿಟ್ಟವನು ಅಡಿವೆಪ್ಪ.

"ರೊಟ್ಟಿ ಬಡದ ಬಡದ ಇಕಿ ಮಣಿಕಟ್ಟು ಹೋಗೇತ್ರಿ. ಆ ಗಾಡಿ ಹಿಡಿದ್ರ ಕಣ್ಣಾಗ ನೀರ ಬರ್ತಿದ್ವು. ನೋಡಾಕ ಆಗಲಿಲ್ರಿ ನನಗ. ಭುಜಾ ಕೊಟ್ಟೆ."

"ಹೇಳಬೇಕಿಲ್ಲೇನು ಯಜಮಾನ್ರ? ನಾ ಕಿವಿ ಹಿಂಡಿ ಹೇಳಿದ್ನಲ್ಲ!"

"ಏನಂತ ಹೇಳೂದ್ರಿ," ಎಂದ ಅಡಿವೆಪ್ಪ. ತಲೆ ಎತ್ತಲಿಲ್ಲ. "ಮಗಳ ಮುಂದ?"

ಇನಾಂದಾರರು ಎಲ್ಲರಿಗೂ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಎಡಗಡೆಯಿಂದ ಆಸರೆ ಸಿಕ್ಕರೆ ಬಲಸೊಂಟದ ಸ್ನಾಯುವಿನ ಕೆಲಸ ಅರ್ಧಕ್ಕೂ ಕಡಿಮೆಯಾಗುತ್ತದೆ. ವಾಕರ್ ಸೊನ್ನೆ ಎನ್ನುತ್ತಿತ್ತು, ಸ್ನಾಯು ಹಗುರ ಎನ್ನುತ್ತಿತ್ತು. ಈ ಮೈಗೆ ಇಷ್ಟು ಬಲ ಸಾಕು ಎಂದುಕೊಂಡ ಕೀಲು, ಸ್ನಾಯುವಿನ ಬಿಗಿತ ತಪ್ಪಿಸಲು ದಿನದಿನಕ್ಕೂ ಒಳಗೆ ಸರಿಯಿತು. ಒಂದು ಕಾಳು, ಎರಡು ಕಾಳು. ಈಗ ಸ್ನಾಯು ಜೋಲು ಬಿದ್ದಿದೆ. ಒಬ್ಬಳ ಭಾರ ಹೊರುವುದು ಅದರಿಂದ ಆಗದು. ತೆಗೆದು ಬೇರೆ ಹಾಕೋಣವೆಂದರೆ ಎಲುಬು ಆಗಲೇ ಅಪ್ಪಿಕೊಂಡಿದೆ, ಅದೂ ಹಪ್ಪಳದಷ್ಟು ತೆಳುವಾದ ಎಲುಬು. ಕೀಲು ಕೀಳಲು ಹೋದರೆ ತೊಡೆಯೇ ಚೂರಾಗುತ್ತದೆ.

"ಒಂದು ವಾರ ಮೊದಲ ಗೊತ್ತಾಗಿದ್ರೂ ಸಾಕಿತ್ತು," ಎಂದರು ಅವರು, ಯಾರಿಗೆಂದಲ್ಲದೆ.

ಕಸ್ತೂರಿ ಎದ್ದು ಹೊರಗೆ ಹೋದಳು. ಗೋಡೆಯ ಮೇಲಿನ ಹಸಿರು ಗೆರೆಯ ಎದುರು ನಿಂತು ಅತ್ತಳು. ಒಳಗಿನಿಂದ ಅಪ್ಪನ ದನಿ ಕೇಳುತ್ತಿತ್ತು: "ನಾನ ಕೆಡಿಸಿದೆ. ನಾನ ಕೆಡಿಸಿಬಿಟ್ಟೆ."

ಅವ್ವ ಹೇಳಿದ್ದೂ ಕೇಳಿಸಿತು. "ಸುಮ್ಮನಿರ್ರಿ. ನಾಕು ಮಂದ್ಯಾಗ ಹಂಗೆಲ್ಲ ಅಳಬಾರದು."

ಆಮೇಲೆ ಕಸ್ತೂರಿ ಮಾಡದ ಪ್ರಯತ್ನವಿಲ್ಲ. ಸ್ನಾಯುವಿಗೆ ವಿದ್ಯುತ್ತಿನ ಮಿಡಿತ ಕೊಡುವ ಪಟ್ಟಿ ಕಟ್ಟಿದಳು; ಜೋಲು ಬಿದ್ದ ಹಗ್ಗ ಮಿಡಿಯಿತು, ಎಳೆಯಲಿಲ್ಲ. ವ್ಯಾಯಾಮ ಮಾಡಿಸಿದಳು. ಕೋಲು ಕೊಟ್ಟಳು, ಮಣಿಕಟ್ಟು ತಡೆಯಲಿಲ್ಲ. ಕಂಕುಳಿಗೆ ಊರುಗೋಲು ಕೊಟ್ಟರೆ ಕೈ ಜೋಮು ಹಿಡಿಯಿತು, ಜೋಮು ಹಿಡಿದ ಕೈಗೆ ರೊಟ್ಟಿ ಬಡಿಯಲು ಬರಲಿಲ್ಲ. ಸೊಂಟಕ್ಕೆ ಒಂದು ಲೋಹದ ಚೌಕಟ್ಟು ಮಾಡಿಸಿ ತಂದಳು. ಅದನ್ನು ತೊಟ್ಟು ಬಂಗಾರೆವ್ವ ಒಲೆಯ ಮುಂದೆ ನಿಂತಳೇನೋ ನಿಜ, ಹಂಚಿನ ಕಡೆ ತಿರುಗಲಾಗಲಿಲ್ಲ. ಅವಳ ಕೀಲಿಗೆ ಗೊತ್ತಿದ್ದದ್ದು ಒಂದೇ ಆಸರೆ. ಅದು ಇಷ್ಟೇ ಎತ್ತರದ್ದಾಗಿರಬೇಕು, ಇವಳು ತಿರುಗಿದರೆ ತಿರುಗಬೇಕು, ಬಾಗಿದರೆ ಬಾಗಬೇಕು.

ಕಡೆಗೆ ದಾರಿ ಕಂಡವನು ಅಡಿವೆಪ್ಪನೇ. ಒಂದು ದಿನ ಖಾನಾವಳಿಯ ಬಾಗಿಲು ತೆರೆದ. ಅಡುಗೆಮನೆಗೆ ಹೋಗಿ, ಹೆಂಡತಿಯ ಎಡಗಡೆ, ಅವಳ ಕಂಕುಳಿನಡಿಗೆ ಭುಜ ಕೊಟ್ಟು ನಿಂತ. ಅವಳು ಎರಡೂ ಕೈಯಿಂದ ರೊಟ್ಟಿ ಬಡಿದಳು. ತಿರುಗಿದಾಗ ಅವನೂ ತಿರುಗಿದ. ಕಿಂಡಿಯ ಬಾಗಿಲನ್ನು ರೊಟ್ಟಿ ದಾಟುವಷ್ಟೇ ಬಿಟ್ಟು ಮುಚ್ಚಿದ್ದರು, ಯಾರೂ ನೋಡದಿರಲಿ ಎಂದು. ಗಿರಾಕಿಗಳು ಉಂಡು ಎದ್ದು ತಾವೇ ಗಲ್ಲಾಕ್ಕೆ ಹಣ ಹಾಕಿ ಹೋದರು. ಒಳಗೆ ಏನು ನಡೆದಿದೆ ಎಂದು ಓಣಿಗೆಲ್ಲ ಗೊತ್ತಿತ್ತು; 'ಗಳಾ ಗೂಟ' ಎಂದು ಚೇಷ್ಟೆ ಮಾಡುವುದನ್ನು ಮಾತ್ರ ಎಲ್ಲರೂ ಬಿಟ್ಟರು.

ಇತ್ತ ಪ್ರಯೋಗಾಲಯದಲ್ಲಿ ಹೊಸ ಹದಕೀಲು ಬಂತು. ಮನೆಯವರ ಭುಜ, ಗೋಡೆ, ಬಾಗಿಲುಪಟ್ಟಿ, ಎಲ್ಲ ಆಸರೆಯನ್ನೂ ಅದು ಗುರುತು ಹಿಡಿಯುತ್ತಿತ್ತು. ಅದನ್ನು ಹಾಕಿಸಿಕೊಂಡವರು ನೆಟ್ಟಗೆ ನಡೆದರು, ಕೆಲವರು ಗುಡ್ಡವನ್ನೂ ಹತ್ತಿದರು. ಬಂಗಾರೆವ್ವನಿಂದ ಕಲಿತದ್ದು ಅಷ್ಟು ಜನರ ಕಾಲಾಯಿತು. ಇನಾಂದಾರರು ಇದನ್ನು ಹೇಳಿ ಸಮಾಧಾನ ಮಾಡಲು ಹೋದಾಗ ಕಸ್ತೂರಿ "ಹೌದ್ರಿ ಸರ್" ಎಂದಳು. ಅವಳಿಗೆ ಯಾವ ಸಮಾಧಾನವೂ ಆಗಲಿಲ್ಲ. ಆ ಹಸಿರು ಗೆರೆಯನ್ನು ಗೋಡೆಯಿಂದ ತೆಗೆಯಲು ಅವಳು ಬಿಡಲಿಲ್ಲ.

ಅಡಿವೆಪ್ಪನಿಗೂ ವಯಸ್ಸಾಗಿತ್ತು. ಎರಡು ವರ್ಷ ಗಳದ ಭಾರ ಹೊತ್ತ ಗೂಟ ಎಡಕ್ಕೆ ವಾಲತೊಡಗಿತು. ಎದೆ ಹಿಡಿದಂತಾಗುತ್ತದೆ ಎಂದು ಮಗಳಿಗೆ ಒಮ್ಮೆ ಹೇಳಿದ. ಅವ್ವನಿಗೆ ಹೇಳಬೇಡ ಎಂದೂ ಹೇಳಿದ. "ಅಕಿಗೆ ಗೊತ್ತಾದ್ರ ಭಾರ ಹಾಕೂದಿಲ್ಲ. ಭಾರ ಹಾಕದಿದ್ರ ಬೀಳ್ತಾಳ." ಕಸ್ತೂರಿ ಡಾಕ್ಟರ ಹತ್ತಿರ ಕರೆದೊಯ್ದಳು, ಗುಳಿಗೆ ಕೊಡಿಸಿದಳು, ನಿಲ್ಲುವುದನ್ನು ಬಿಡು ಎಂದು ಬೇಡಿಕೊಂಡಳು. ಅವನು ಗುಳಿಗೆ ತೆಗೆದುಕೊಂಡ. ನಿಲ್ಲುವುದನ್ನು ಬಿಡಲಿಲ್ಲ.

ಅವತ್ತು ಮಧ್ಯಾಹ್ನದ ಊಟದ ಗದ್ದಲ ಮುಗಿದಿತ್ತು. ಅಡಿವೆಪ್ಪ ಹೆಂಡತಿಯನ್ನು ಕಟ್ಟೆಗೆ ಆನಿಸಿ ನಿಲ್ಲಿಸಿ, ಇದೀಗ ಬಂದೆ ಎಂದು ಗಲ್ಲಾದ ಕಡೆ ಹೋದ. ಒಂದು ಗಳಿಗೆಯ ಮೇಲೆ ಅಲ್ಲಿಂದ ಅವನ ದನಿ ಬಂತು.

"ಕಸ್ತೂರೀ."

"ಬಂದ್ನಿರಿ," ಎಂದಳು ಬಂಗಾರೆವ್ವ, ಮೂರು ದಶಕದ ರೂಢಿಯಂತೆ. ಕಟ್ಟೆ ಬಿಟ್ಟು ಒಂದು ಹೆಜ್ಜೆ ಇಟ್ಟಳು. ಬಿದ್ದಳು.

"ಕಸ್ತೂರೀ," ಎಂದು ಅವನು ಇನ್ನೊಮ್ಮೆ ಕರೆದ, ಸಣ್ಣ ದನಿಯಲ್ಲಿ.

"ಬಂದೆ, ಬಂದೆ. ತಡೀರಿ." ಮೊಣಕೈ ಊರಿ ನೆಲದ ಮೇಲೆ ತೆವಳಿದಳು. ಅಡುಗೆಮನೆಯ ಹೊಸ್ತಿಲು ದಾಟುವ ಹೊತ್ತಿಗೆ, ಕೈ ತೊಳೆದು ಬಂದ ಒಬ್ಬ ಗಿರಾಕಿ ಗಲ್ಲಾದ ಮೇಲೆ ಒರಗಿದ್ದ ಅಡಿವೆಪ್ಪನನ್ನು ನೋಡಿ ಕೂಗಿಕೊಂಡ. ಕೂಗು ಕೇಳಿ ಅವಳು ತೆವಳುವುದನ್ನು ನಿಲ್ಲಿಸಿದಳು.

ಕಸ್ತೂರಿ ಬಂದಾಗ ಜನ ನೆರೆದಿದ್ದರು. ಅವ್ವ ಹೊಸ್ತಿಲ ಬಳಿಯೇ ಗೋಡೆಗೆ ಒರಗಿ ಕೂತಿದ್ದಳು, ಕೈಯೆಲ್ಲ ಜೋಳದ ಹಿಟ್ಟು. ಮಗಳನ್ನು ನೋಡಿ ಅವಳು ಹೇಳಿದ್ದು ಒಂದೇ ಮಾತು: "ಎರಡ ಸರ್ತಿ ಕರದ್ರವಾ. ಹೋಗಾಕ ಆಗಲಿಲ್ಲ."

ದಿನಕರ್ಮಗಳು ಮುಗಿದವು. ನೆಂಟರು ಬಂದು ಹೋದರು. ಕಸ್ತೂರಿ ರಜೆ ಹಾಕಿ ಅವ್ವನ ಹತ್ತಿರವೇ ಉಳಿದಳು. ಬಂಗಾರೆವ್ವ ಮಂಚದ ಮೇಲೆ ಕೂತಲ್ಲಿಂದ ಏಳುತ್ತಿರಲಿಲ್ಲ. ಯಾರು ಎಷ್ಟೇ ಬಡಿಸಿದರೂ ಒಂದು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ಕುಂತ ಉಣ್ಣಾಕ ನನಗ ಬರೂದಿಲ್ಲ ಎಂದು ಅವಳು ಹೇಳಿದ್ದು ಕಸ್ತೂರಿಗೆ ನೆನಪಿತ್ತು.

ಒಂದು ಬೆಳಿಗ್ಗೆ ಕಸ್ತೂರಿ ತಾನೇ ಒಲೆ ಹೊತ್ತಿಸಿದಳು, ಹಂಚು ಇಟ್ಟಳು, ಹಿಟ್ಟು ನಾದಿದಳು. ಮಂಚದ ಹತ್ತಿರ ಬಂದು ಎಡಗಡೆ ನಿಂತಳು.

"ಏಳಬೇ. ನಾ ಇದ್ದೇನಿ."

ಬಂಗಾರೆವ್ವ ಕೈ ಎತ್ತಿ ಮಗಳ ಕೊರಳು ಬಳಸಿದಳು. ಇಬ್ಬರೂ ಅಡುಗೆಮನೆಯ ಕಡೆ ನಡೆದರು. ಮೊದಲ ಹೆಜ್ಜೆಗೇ ಅವ್ವನ ಮೈ ಓಲಾಡಿತು. ಕಸ್ತೂರಿಗೆ ತಾಯಿಯದೇ ಎತ್ತರ ಬಂದಿತ್ತು. ಅವಳ ಭುಜ ಅವ್ವನ ಕೈಯನ್ನು ಮೇಲಕ್ಕೆ ನೂಕುತ್ತಿತ್ತು, ಎಡಸೊಂಟ ಎತ್ತಿದಂತಾಗಿ ಬಲಗಾಲು ತಡವರಿಸುತ್ತಿತ್ತು.

"ನಿಮ್ಮಪ್ಪ ಇಷ್ಟ ಎತ್ತರ ಇರಲಿಲ್ಲವ್ವ," ಎಂದಳು ಬಂಗಾರೆವ್ವ.

ಕಸ್ತೂರಿ ಮೊಣಕಾಲು ಬಗ್ಗಿಸಿದಳು. ಇನ್ನೂ ಬಗ್ಗಿಸಿದಳು. ಅವ್ವನ ಕೈ ಭುಜದ ಮೇಲೆ ಇಳಿದು ಕೂತಿತು, ಅವ್ವನ ಸೊಂಟ ಮಟ್ಟಸವಾಯಿತು. ಹಾಗೆಯೇ, ಮಗಳು ಅರ್ಧ ಕೂತಂತೆ, ತಾಯಿ ನೆಟ್ಟಗೆ, ಇಬ್ಬರೂ ಒಲೆಯ ಮುಂದೆ ಬಂದು ನಿಂತರು. ಬಂಗಾರೆವ್ವ ಕೊರಳಿನಿಂದ ಕೈ ತೆಗೆದು, ಕಂಕುಳನ್ನು ಮಗಳ ಭುಜಕ್ಕೆ ಊರಿ, ಹಿಟ್ಟಿನ ಉಂಡೆ ಹಿಡಿದು ಬಡಿಯತೊಡಗಿದಳು. ರೊಟ್ಟಿ ಅಗಲವಾಯಿತು. ತಿರುಗಿ ಹಂಚಿಗೆ ಹಾಕಿದಳು. ಅದು ಉಬ್ಬಿತು.

ಕಸ್ತೂರಿಯ ತೊಡೆಗಳು ಉರಿಯುತ್ತಿದ್ದವು. ತೊಡೆಯ ಯಾವ ಸ್ನಾಯು ಎಷ್ಟು ಹೊತ್ತು ಹೀಗೆ ತಡೆದೀತು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಧಾರವಾಡದಲ್ಲಿ ಇರಲಿಲ್ಲ. ಹಲ್ಲು ಕಚ್ಚಿದಳು. ಎರಡನೆಯ ರೊಟ್ಟಿ ಹಂಚಿನ ಮೇಲಿರುವಾಗ ಮೊಣಕಾಲು ನಡುಗಲು ಹತ್ತಿದವು. ಆ ನಡುಕ ಭುಜಕ್ಕೆ ಏರಿ, ಭುಜದಿಂದ ಅವ್ವನ ಮೈಗೆ ದಾಟಿತು. ಬಂಗಾರೆವ್ವನ ಕೈ ನಿಂತಿತು.

"ಇನ್ನೊಂದು ಬಡಿಬೇ. ನಾ ನಿಂದರತೇನಿ," ಎಂದಳು ಕಸ್ತೂರಿ.

ಬಂಗಾರೆವ್ವ ಹಂಚಿನ ಮೇಲಿನ ರೊಟ್ಟಿಯನ್ನು ತೆಗೆದು ಬುಟ್ಟಿಗೆ ಹಾಕಿದಳು. ಕೈಗೆ ಅಂಟಿದ ಹಿಟ್ಟನ್ನು ಉಜ್ಜಿ ಉದುರಿಸಿದಳು. ಬಗ್ಗಿ ನಿಂತ ಮಗಳ ತಲೆಯ ಮೇಲೆ ಕೈ ಇಟ್ಟಳು.

"ಸಾಕು ಬಿಡವ್ವ," ಎಂದಳು. "ಒಲಿ ಆರಸು."